ಪಚ್ಚಿಲೆ ಹಗ್ಗದ ಶತ್ರುಗಳು: ಮೊದಲು ಗುರುತಿಸೋಣ, ಆಮೇಲೆ ತಡೆಯೋಣ



ಮಳೆಗಾಲ ಮುಗಿದು ಅಳಿವೆಯ ನೀರು ಮತ್ತೆ ಉಪ್ಪಾದ ಮೇಲೆ, ಅಂದರೆ ನವೆಂಬರ್-ಡಿಸೆಂಬರ್‌ನಲ್ಲಿ, ಪಚ್ಚಿಲೆ ಮರಿ ಕಟ್ಟಿದ ಹಗ್ಗಗಳನ್ನು ನೀರಿಗೆ ಇಳಿಸುತ್ತೇವೆ. ಏಪ್ರಿಲ್-ಮೇ ತಿಂಗಳಲ್ಲಿ, ಮಳೆ ಬಂದು ನೀರು ಸಿಹಿಯಾಗುವ ಮೊದಲೇ ಕೊಯ್ಲು ಮುಗಿಸಬೇಕು. ಪಕ್ಕದ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆ 1990ರ ದಶಕದ ಕೊನೆಯಿಂದ ಮಹಿಳಾ ಗುಂಪುಗಳು ಈ ಕೃಷಿ ಮಾಡಿ ಆದಾಯ ಕಂಡಿವೆ.

ಪಚ್ಚಿಲೆಗೆ ನಾವು ಮೇವು ಹಾಕಬೇಕಾಗಿಲ್ಲ. ಅದು ನೀರನ್ನು ಸೋಸಿ ತನ್ನ ಆಹಾರ ತಾನೇ ತಿನ್ನುತ್ತದೆ. ಆದರೆ ಮೇವಿನ ಖರ್ಚಿಲ್ಲ ಅಂತ ಹಗ್ಗ ಇಳಿಸಿ ಮನೆಗೆ ಬಂದು ಕೂತರೆ ಆಗ್ತದಾ? ಅದೇ ನೀರಿನಲ್ಲಿ ಬೇರೆ ಜೀವಿಗಳೂ ಇವೆ. ಕೆಲವು ನಮ್ಮ ಬೆಳೆಯನ್ನೇ ತಿನ್ನುತ್ತವೆ, ಕೆಲವು ಅದರ ಆಹಾರ ಕಸಿಯುತ್ತವೆ, ಇನ್ನು ಕೆಲವು ಏನೂ ಮಾಡುವುದಿಲ್ಲ. ಯಾವುದು ಯಾವುದು ಅಂತ ತಿಳಿಯದಿದ್ದರೆ ಕೆಲಸ ದಂಡ, ಬ್ಯಾಂಕಿನ ಕಂತಿಗೂ ತೊಂದರೆ.

ಶತ್ರುಗಳು ಯಾರು?

1. ಏಡಿ ಮತ್ತು ಮೀನು: ಹಗ್ಗ ಇಳಿಸಿದ ಮೊದಲ ಕೆಲವು ವಾರ ಇವುಗಳ ಕಾಟ ಹೆಚ್ಚು. ಮರಿಗಳ ಚಿಪ್ಪು ತೆಳು. ಹಗ್ಗಕ್ಕೆ ಸುತ್ತಿದ ಹತ್ತಿಯ ಬಟ್ಟೆ 10-15 ದಿನದಲ್ಲಿ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಮರಿಗಳು ಗಟ್ಟಿಯಾಗಿ ಅಂಟಿಕೊಂಡಿರಬೇಕು. ಹಗ್ಗದಲ್ಲಿ ಅಲ್ಲಲ್ಲಿ ಬೋಳು, ಒಡೆದ ಚಿಪ್ಪಿನ ಚೂರು ಕಂಡರೆ ಏಡಿ ಅಥವಾ ಮೀನಿನ ಕೆಲಸ ಎಂದು ತಿಳಿಯಿರಿ.

2. ಬಾರ್ನಕಲ್: ದೋಣಿಯ ತಳಕ್ಕೆ, ಬಂಡೆಗೆ ಅಂಟುವ ಬಿಳಿ ಗೋಪುರದಂಥ ಸಣ್ಣ ಚಿಪ್ಪು. ಕಾಲು ತಾಗಿದರೆ ಕೊಯ್ಯುತ್ತದಲ್ಲ, ಅದೇ. ಇದು ಪಚ್ಚಿಲೆಯ ಮಾಂಸ ತಿನ್ನುವುದಿಲ್ಲ. ಆದರೆ ಜಾಗ ಹಿಡಿಯುತ್ತದೆ, ಆಹಾರ ಹಂಚಿಕೊಳ್ಳುತ್ತದೆ, ಹಗ್ಗದ ಭಾರ ಹೆಚ್ಚಿಸುತ್ತದೆ. ಬಾರ್ನಕಲ್ ಮೆತ್ತಿದ ಪಚ್ಚಿಲೆಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಸಿಗುವುದು ಕಷ್ಟ.

3. ನೀರು ಚಿಮ್ಮುವ ಚೀಲ: ಮೆತ್ತಗಿನ ಸಣ್ಣ ಚೀಲದ ಹಾಗಿರುತ್ತದೆ, ಒತ್ತಿದರೆ ನೀರು ಚಿಮ್ಮುತ್ತದೆ. ಇದೂ ನೀರು ಸೋಸಿಯೇ ಬದುಕುವ ಜೀವಿ. ಗುಂಪಾಗಿ ಬೆಳೆದರೆ ಪಚ್ಚಿಲೆಗೆ ಹೊಟ್ಟೆಗಿಲ್ಲ.

4. ಚಿಪ್ಪು ಕೊರೆಯುವ ಹುಳು: ಚಿಪ್ಪು ಬಿಡಿಸಿದಾಗ ಒಳಮೈಯಲ್ಲಿ ಕೆಸರು ತುಂಬಿದ ಕಪ್ಪು ಗುಳ್ಳೆ ಕಾಣುತ್ತದೆ. ಹಗ್ಗದ ತುದಿ ಕೆಸರಿಗೆ ಹತ್ತಿರ ಇರುವಲ್ಲಿ ಇದು ಜಾಸ್ತಿ.

5. ಕೊರೆಯುವ ಬಸವನಹುಳು: ಖಾಲಿ ಚಿಪ್ಪಿನ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ದುಂಡಗಿನ ತೂತು ಇದ್ದರೆ ಇದರ ಗುರುತು.

6. ಹೊರಗಿನಿಂದ ಬಂದ ಚಿಪ್ಪು: ಅಮೆರಿಕದ ಕರಾವಳಿಯ ಒಂದು ಜಾತಿಯ ಚಿಪ್ಪು ಕೇರಳದ ಹಿನ್ನೀರಿಗೆ ಬಂದು ಸೇರಿದ್ದನ್ನು 2019ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅಲ್ಲಿನವರು ಇದನ್ನು 'ವರತ್ತನ್ ಕಕ್ಕ' ಎನ್ನುತ್ತಾರೆ, ಅಂದರೆ ಹೊರಗಿನವ. ನೋಡಲು ಪಚ್ಚಿಲೆ ಮರಿಯಂತೆಯೇ ಇದ್ದರೂ ಬಣ್ಣ ಕಂದು ಅಥವಾ ಕಪ್ಪು. ನಮ್ಮ ಪಚ್ಚಿಲೆಯ ಅಂಚು ಹಸಿರು. ಇದು ಒತ್ತೊತ್ತಾಗಿ ಹರಡಿ ಬೇರೆ ಚಿಪ್ಪುಗಳನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಹೊರಗಿನಿಂದ ಮರಿ ತರುವಾಗ ಒಂದೊಂದು ಬುಟ್ಟಿಯನ್ನೂ ಸುರುವಿ ಆರಿಸಿ. ಸಂಶಯ ಬಂದದ್ದನ್ನು ನೀರಿಗೆ ಎಸೆಯಬೇಡಿ, ದಡದಲ್ಲಿ ಹೂತುಬಿಡಿ.

ಇವರು ಶತ್ರುಗಳಲ್ಲ

ಪಚ್ಚಿಲೆಯಿಂದ ಹೊರಬಂದ ಕಂದು ನಾರನ್ನು ಕಳೆ ಎಂದು ಕೀಳಬಾರದು. ಅದು ಹಗ್ಗ ಹಿಡಿದುಕೊಳ್ಳಲು ಪಚ್ಚಿಲೆಯೇ ನೇಯ್ದ ನಾರು. ಕಿತ್ತರೆ ಪಚ್ಚಿಲೆ ಉದುರುತ್ತದೆ. ಹಗ್ಗದ ಸಂದಿಯಲ್ಲಿ ಓಡಾಡುವ ಸಣ್ಣ ಸಿಗಡಿಯಂಥ ಜೀವಿಗಳು ಕೊಳೆತದ್ದನ್ನು ತಿಂದು ಬದುಕುತ್ತವೆ, ಅವುಗಳ ಪಾಡಿಗೆ ಬಿಡಿ. ಚಿಪ್ಪಿನೊಳಗೆ ಬಟಾಣಿ ಗಾತ್ರದ ಮೆತ್ತಗಿನ ಏಡಿ ಸಿಕ್ಕಿದರೆ ಗಾಬರಿ ಬೇಡ. ಅದರಿಂದ ಪಚ್ಚಿಲೆ ಸ್ವಲ್ಪ ಬಡಕಲಾಗುತ್ತದೆ ಅಷ್ಟೆ, ಬೇಯಿಸಿ ತಿನ್ನುವವರಿಗೆ ತೊಂದರೆಯಿಲ್ಲ.

ಏನು ಮಾಡಬೇಕು?

* ನೀರು ಪೂರ್ತಿ ಇಳಿದಾಗಲೂ ಹಗ್ಗದ ತುದಿ ಕೆಸರಿಗೆ ತಾಗದಂತೆ ಕಟ್ಟಿ. ಏಡಿ, ಬಸವನಹುಳು ಹತ್ತಿ ಬರುವ ಏಣಿಯೇ ಆ ತುದಿ.
* ಮೊದಲ ತಿಂಗಳು ಚಪ್ಪರದ ಸುತ್ತ ಹಳೆಯ ಬಲೆ ಕಟ್ಟಿದರೆ ಮೀನಿನ ಕಾಟ ಕಡಿಮೆ.
* ವಾರಕ್ಕೊಮ್ಮೆ ಇಬ್ಬಿಬ್ಬರು ಸರದಿಯಲ್ಲಿ ಹೋಗಿ ಹಗ್ಗ ಎತ್ತಿ ನೋಡಿ, ನೀರಿನಲ್ಲೇ ಅಲುಗಾಡಿಸಿ ಕೆಸರು ತೊಳೆಯಿರಿ.
* ಬಾರ್ನಕಲ್ ಸಣ್ಣದಿರುವಾಗಲೇ ಕೆರೆದು ತೆಗೆಯಿರಿ. ಬಲಿತ ಮೇಲೆ ಕಿತ್ತರೆ ಪಚ್ಚಿಲೆಯೂ ಜೊತೆಗೆ ಬರುತ್ತದೆ. ಕೈಗವಸು ಮರೆಯಬೇಡಿ.
* ಮೆತ್ತಗಿನ ಜೀವಿಗಳು ಹೆಚ್ಚಾದರೆ ಹಗ್ಗವನ್ನು ಮೇಲೆತ್ತಿ ಒಂದೆರಡು ಗಂಟೆ ಗಾಳಿಗೆ ಬಿಡಿ. ಪಚ್ಚಿಲೆ ಬಾಯಿ ಮುಚ್ಚಿ ತಡೆದುಕೊಳ್ಳುತ್ತದೆ, ಅವು ಒಣಗುತ್ತವೆ. ಮೊದಲು ಒಂದೇ ಹಗ್ಗದಲ್ಲಿ ಮಾಡಿ ನೋಡಿ.
* ಕೆರೆದದ್ದನ್ನು ಮತ್ತೆ ಅಳಿವೆಗೆ ಹಾಕದೆ ದಡಕ್ಕೆ ತನ್ನಿ.
* ತೀರಾ ಒತ್ತಾಗಿ ಬೆಳೆದಲ್ಲಿ ಬಿಡಿಸಿ ಬೇರೆ ಹಗ್ಗಕ್ಕೆ ಕಟ್ಟಿ.

ಔಷಧಿ ಮಾತ್ರ ಬೇಡ

ಮೈಲುತುತ್ತು, ಬ್ಲೀಚಿಂಗ್ ಪುಡಿ, ತೋಟಕ್ಕೆ ಹೊಡೆಯುವ ವಿಷ, ಯಾವುದನ್ನೂ ಹಾಕಬೇಡಿ. ಪಚ್ಚಿಲೆ ಗಂಟೆಗೆ ಲೀಟರುಗಟ್ಟಲೆ ನೀರು ಸೋಸುತ್ತದೆ, ನೀರಿನಲ್ಲಿದ್ದದ್ದು ಅದರ ಮೈ ಸೇರುತ್ತದೆ. 1983ರಲ್ಲಿ ಕುಂಬಳೆ ಅಳಿವೆಯ ಮರುವಾಯಿ ತಿಂದವರು ಆಸ್ಪತ್ರೆ ಸೇರಿದರು, ಒಂದು ಜೀವವೂ ಹೋಯಿತು. ಅಲ್ಲಿ ಯಾರೂ ವಿಷ ಹಾಕಿರಲಿಲ್ಲ. ಕಣ್ಣಿಗೆ ಕಾಣದ ಪಾಚಿಯ ವಿಷ ಮರುವಾಯಿಯಲ್ಲಿ ಕೂಡಿಕೊಂಡಿತ್ತು. ಅಂಥ ವಿಷ ಬೇಯಿಸಿದರೂ ಹೋಗುವುದಿಲ್ಲ. ತಾನಾಗಿ ಬರುವ ವಿಷವೇ ಹೀಗಾದರೆ ನಾವಾಗಿ ಹಾಕುವುದು ಬೇಕೇ? ನೀರಿನ ಬಣ್ಣ ಬದಲಾದರೆ ಕೊಯ್ಲು ನಿಲ್ಲಿಸಿ ಮೀನುಗಾರಿಕೆ ಇಲಾಖೆಗೆ ತಿಳಿಸಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಹಗ್ಗಗಳಲ್ಲಿ ಮೇಲೆ ಹೇಳಿದ ಯಾವ ಯಾವ ಗುರುತು ಕಂಡಿದ್ದೇವೆ?
2. ವಾರದ ಸರದಿ ಪಟ್ಟಿ ಯಾರು ಬರೆಯುತ್ತಾರೆ? ಉಳಿತಾಯ ಪುಸ್ತಕದ ಜೊತೆ ಒಂದು ಹಗ್ಗದ ಪುಸ್ತಕವನ್ನೂ ಇಡೋಣವೇ?
3. ಈ ವರ್ಷ ಮರಿ ಎಲ್ಲಿಂದ ತರುತ್ತೇವೆ, ಆರಿಸುವವರು ಯಾರು?