ಲಕ್ಕಮ್ಮ ಅಕ್ಕಿ ವಾಪಸ್ ಕಳಿಸಿದ್ದು ಯಾಕೆ?

ಹೋದ ವಾರ ಸೀನಿಯರ್ ಒಬ್ಬರು ನಮ್ಮ ಕ್ಲಾಸಿಗೆ ಬಂದು "ನಿಮ್ಮ ಜೀವನದ ಗುರಿ ಏನು?" ಅಂತ ಕೇಳಿದ್ರು. ಪಕ್ಕದವನು "ಪ್ಯಾಕೇಜ್" ಅಂದ, ಎಲ್ಲರೂ ನಕ್ಕರು. ನಾನೂ ನಕ್ಕೆ. ಆದ್ರೆ ನನ್ನ ಹತ್ರಾನೂ ಬೇರೆ ಉತ್ತರ ಇರಲಿಲ್ಲ.

ನಾನು ಸಿಂದಗಿಯವನು. ಬಸವಣ್ಣ ಹುಟ್ಟಿದ ಬಸವನ ಬಾಗೇವಾಡಿ ನಮ್ಮ ವಿಜಯಪುರ ಜಿಲ್ಲೆಯಲ್ಲೇ ಇದೆ. ಆದ್ರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ 'ಕಾಯಕ' ಅಂದ್ರೆ ಗೋಡೆ ಮೇಲಿನ ಬೋರ್ಡ್ ಅಷ್ಟೇ. ಸೋಮಾರಿಗಳಿಗೆ ಹೇಳೋ ಬುದ್ಧಿಮಾತು ಅಂದ್ಕೊಂಡಿದ್ದೆ. ಅದು ಅರ್ಧ ಮಾತ್ರ ಅಂತ ಗೊತ್ತಾಗಿದ್ದು ಆಯ್ದಕ್ಕಿ ಲಕ್ಕಮ್ಮನ ಕಥೆಯಿಂದ.

12ನೇ ಶತಮಾನದ ಕಲ್ಯಾಣ, ಅಂದ್ರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಲಕ್ಕಮ್ಮ, ಮಾರಯ್ಯ ಗಂಡ ಹೆಂಡತಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅಡುಗೆ ಮಾಡಿ, ಮನೆಗೆ ಬಂದವರಿಗೆ ಬಡಿಸೋದು ಅವರ ಕಾಯಕ. ಒಂದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದನಂತೆ. ಹೆಚ್ಚಿನದನ್ನ ಅಲ್ಲೇ ಹಾಕಿ ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳಂತೆ.

ಮೊದಲು ಓದಿದಾಗ ನನಗೆ ಸಿಟ್ಟೇ ಬಂತು. ಇರೋದು ಬಡತನ, ಇಟ್ಕೊಂಡಿದ್ರೆ ಏನಾಗ್ತಿತ್ತು? ಆಮೇಲೆ ಹೊಳೀತು. ಎಷ್ಟು ಅಕ್ಕಿ ಬೇಕು ಅನ್ನೋದು ಅವತ್ತು ಉಣ್ಣೋಕೆ ಬರೋರ ಮೇಲೆ ನಿಂತಿತ್ತು. ಕೂಡಿಡೋಕೆ ಶುರು ಮಾಡಿದ್ರೆ ಅಕ್ಕಿ ಅದೇ, ಕೆಲಸ ಮಾತ್ರ ಬೇರೆ ಆಗಿಬಿಡ್ತದೆ. ದುಡಿದದ್ದು ಇನ್ನೊಬ್ಬರಿಗೆ ಮುಟ್ಟೋದಕ್ಕೆ ಶರಣರು 'ದಾಸೋಹ' ಅಂದ್ರು. ಕಾಯಕ, ದಾಸೋಹ ಯಾವಾಗಲೂ ಜೋಡಿ. ನಾವು ಒಂದನ್ನೇ ಬೋರ್ಡಿಗೆ ಹಾಕಿದೀವಿ.

ಯಾವ ಕೆಲಸ ಅನ್ನೋದು ಅಲ್ಲಿ ದೊಡ್ಡ ಪ್ರಶ್ನೆ ಆಗಿರಲಿಲ್ಲ. ಹಗ್ಗ ಹೊಸೆಯೋ ನುಲಿಯ ಚಂದಯ್ಯ, ದೋಣಿ ನಡೆಸೋ ಅಂಬಿಗರ ಚೌಡಯ್ಯ, ಅಂಗಳ ಗುಡಿಸೋ ಸತ್ಯಕ್ಕ, ಎಲ್ಲರ ವಚನಗಳೂ ಉಳಿದಿವೆ. ನಾವಾದ್ರೆ ಬ್ರಾಂಚ್ ಕೇಳಿಯೇ ಮನುಷ್ಯನ ಬೆಲೆ ಕಟ್ತೀವಿ.

ನಮ್ಮ ಹಾಸ್ಟೆಲ್‌ನ ಪಕ್ಕದ ರೂಮಿನ ಹುಡುಗ ಕನ್ನಡ ಮೀಡಿಯಂನವನು. ಫಸ್ಟ್ ಇಯರ್ ಮ್ಯಾಥ್ಸ್ ಬ್ಯಾಕ್ ಉಳಿದಿದೆ. ಲೆಕ್ಕ ಬರ್ತದೆ, ಪ್ರಶ್ನೆಯ ಇಂಗ್ಲಿಷ್ ತಿಳಿಯಲ್ಲ. ಊಟ ಆದ್ಮೇಲೆ ದಿನಾ ಅರ್ಧ ಗಂಟೆ ಕನ್ನಡದಲ್ಲಿ ಹೇಳಿಕೊಡ್ತೀನಿ. ಡೈವರ್ಜೆನ್ಸ್‌ಗೆ ಕನ್ನಡ ಸಿಗದೆ ನಲ್ಲಿ ಬಿಟ್ಟು ನೀರು ತೋರಿಸಿದ್ದೂ ಆಯ್ತು. ಒಂದಿನ ಮೊಬೈಲ್ ನೋಡ್ತಾ ಕೂತು ಹೋಗಲೇ ಇಲ್ಲ. ಮರುದಿನ ಅವನು ಕೇಳಿದ: "ನಿನ್ನೆ ಯಾಕ ಬರ್ಲಿಲ್ಲ? ಹತ್ತರ ತನಕ ಪುಸ್ತಕ ತಗದು ಕುಂತಿದ್ನಿ."

ಅವತ್ತಿಂದ ತಪ್ಪಿಸಿಲ್ಲ. ಅವನ ಪರೀಕ್ಷೆ ಮುಂದಿನ ತಿಂಗಳು. ಲ್ಯಾಪ್ಲಾಸ್ ಇನ್ನೂ ಪೂರ್ತಿ ಬಾಕಿ ಇದೆ.