ಅರಸೊತ್ತಿಗೆಯಲ್ಲಿ ಶಾಸನಸಭೆ: ಯಳಂದೂರು–ಕೊಳ್ಳೇಗಾಲಗಳ ಗಡಿಯಿಂದ ಒಂದು ಅವಲೋಕನ

ಅರಸನು ಆಳುತ್ತಿರುವ ರಾಜ್ಯದಲ್ಲಿ ಶಾಸನಸಭೆಯೊಂದಿದ್ದರೆ ಅದಕ್ಕೆ ಇರುವ ಅಧಿಕಾರವೇನು? ಈ ಪ್ರಶ್ನೆಗೆ ರಾಜ್ಯಶಾಸ್ತ್ರದ ಪಠ್ಯಗ್ರಂಥಗಳು ಸಾಮಾನ್ಯವಾಗಿ ಇಂಗ್ಲೆಂಡಿನ ಪಾರ್ಲಿಮೆಂಟನ್ನು ಮುಂದಿಟ್ಟುಕೊಂಡು ಉತ್ತರ ಹೇಳುತ್ತವೆ. ನಮ್ಮ ವಿದ್ಯಾರ್ಥಿಗಳು ಅಷ್ಟು ದೂರ ಹೋಗಬೇಕಾದುದಿಲ್ಲ. ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿ ಒಂದನ್ನೊಂದು ಮುಟ್ಟಿಕೊಂಡಿರುವ ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಎರಡು ಬೇರೆ ಬೇರೆ ಆಳ್ವಿಕೆಗಳಿಗೆ ಸೇರಿದ್ದವು. ಒಂದೇ ಭಾಷೆಯನ್ನಾಡುವ ಜನ ಎರಡು ಬಗೆಯ ಶಾಸನಸಭೆಗಳ ಕೆಳಗೆ ಬಾಳಿದರು. ಆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಅವನ ರಾಜ್ಯವನ್ನು ಹಂಚಿಕೊಂಡಾಗ ಕೊಳ್ಳೇಗಾಲದ ಸೀಮೆಯು ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಬಂದು, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಆಗ ಪ್ರತ್ಯೇಕ ತಾಲ್ಲೂಕಲ್ಲ. ಕೊಳ್ಳೇಗಾಲದ ಭಾಗವಾಗಿ ಅದೂ ಆ ಕಡೆಗೇ ಹೋಯಿತು. ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಹೀಗೆ ಸುವರ್ಣಾವತಿಯ ನೀರು ಹರಿಯುವ ಈ ಸೀಮೆಯ ಒಂದು ಮಗ್ಗುಲಿನ ರೈತನ ಅಹವಾಲು ಮೈಸೂರಿಗೂ ಇನ್ನೊಂದು ಮಗ್ಗುಲಿನ ರೈತನದು ಕೊಯಮತ್ತೂರಿನ ಮೂಲಕ ಮದರಾಸಿಗೂ ಹೋಗಬೇಕಾಯಿತು. ಕೊಳ್ಳೇಗಾಲಕ್ಕೆ ಮೈಸೂರು ಸುಮಾರು 60 ಕಿಲೋಮೀಟರು ದೂರದಲ್ಲಿದೆ. ಮದರಾಸಿನ ದೂರ ಅದರ ಎಷ್ಟೋ ಪಾಲು ಹೆಚ್ಚು.

ಐವತ್ತು ವರ್ಷಗಳ ಕಮಿಷನರುಗಳ ಆಡಳಿತದ ತರುವಾಯ 1881ರ ಮಾರ್ಚಿಯಲ್ಲಿ ಮೈಸೂರು ರಾಜ್ಯವು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿತು. ಅದೇ ವರ್ಷ ಆಗಸ್ಟ್ 25ರ ಆಜ್ಞೆಯಿಂದ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ದಸರೆ ಮುಗಿದ ಬಳಿಕ, ಅಕ್ಟೋಬರ್ 7ರಂದು, 144 ಮಂದಿ ಸದಸ್ಯರು ಮೈಸೂರಿನಲ್ಲಿ ಕೂಡಿದರು. ತಾಲ್ಲೂಕಿಗೆ ಒಬ್ಬಿಬ್ಬರಂತೆ ವ್ಯವಸಾಯಗಾರರಾದ ಹಿಡುವಳಿದಾರರು, ಜಿಲ್ಲೆಗೆ ಮೂರು ನಾಲ್ವರಂತೆ ವರ್ತಕರು: ಇದು ಸಭೆಯ ರಚನೆ. ಇವರನ್ನು ಜನ ಆರಿಸಲಿಲ್ಲ, ಅಧಿಕಾರಿಗಳು ಗೊತ್ತುಮಾಡಿದರು. ಭೂಕಂದಾಯವೇ ಮೊದಲಾದ ಅರ್ಹತೆಗಳ ಆಧಾರದ ಮೇಲೆ ಚುನಾವಣೆ ಬಂದದ್ದು 1891ರಿಂದೀಚೆಗೆ, ಕೆ. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ.

ಸಭೆಯ ಕಾರ್ಯಕ್ರಮವು ಸರಳವಾದುದು. ದಿವಾನರು ಅಧ್ಯಕ್ಷಪೀಠದಲ್ಲಿ ಕುಳಿತು ಹಿಂದಿನ ವರ್ಷದ ಆದಾಯ ವೆಚ್ಚಗಳನ್ನೂ ನಡೆದ ಕಾಮಗಾರಿಗಳನ್ನೂ ಮುಂದೆ ಮಾಡಬೇಕೆಂದಿರುವ ಕೆಲಸಗಳನ್ನೂ ವಿವರಿಸುವರು. ಬಳಿಕ ಸದಸ್ಯರು ತಮ್ಮ ಸೀಮೆಯ ಅಹವಾಲುಗಳನ್ನು ಮಂಡಿಸುವರು: ಕೆರೆಯ ತೂಬು, ರಸ್ತೆ, ಶಾಲೆ, ಕಂದಾಯದ ಭಾರ, ಕಾಡಿನ ಕಾಯಿದೆಗಳ ಕಾಟ. ದಿವಾನರು ಸಮಾಧಾನ ಹೇಳುವರು. ಮತ ಹಾಕುವ ಪದ್ಧತಿಯಿಲ್ಲ; ಯಾವ ಕಾನೂನನ್ನೂ ಸಭೆ ಮಾಡುವಂತಿಲ್ಲ, ಯಾವ ವೆಚ್ಚವನ್ನೂ ತಡೆಯುವಂತಿಲ್ಲ. ಇದನ್ನು ಶಾಸನಸಭೆ ಎಂದು ಕರೆಯಬಹುದೇ? ಕಟ್ಟುನಿಟ್ಟಾಗಿ ಹೇಳುವುದಾದರೆ ಕರೆಯಲಾಗದು. ಆದರೆ ಇದು ಕೇವಲ ದಸರೆಯ ವೈಭವದ ಒಂದು ಅಂಗವೆಂದು ತಳ್ಳಿಹಾಕುವವರ ಮಾತನ್ನೂ ನಾವು ಒಪ್ಪಲಾರೆವು. ರಾಜ್ಯದ ಲೆಕ್ಕವನ್ನು ಪ್ರಜೆಗಳ ಮುಂದೆ ವರ್ಷಕ್ಕೊಮ್ಮೆ ಓದಿಯೇ ತೀರಬೇಕೆಂಬ ರೂಢಿ ಒಮ್ಮೆ ಬೇರೂರಿದರೆ ಅದನ್ನು ಕೀಳುವುದು ಸುಲಭವಲ್ಲ. ಅದೇ ಕಾಲದ ಮದರಾಸಿನ ಕೌನ್ಸಿಲು 1861ರ ಕಾಯಿದೆಯ ಪ್ರಕಾರ ಕಾನೂನು ಮಾಡುವ ಸಭೆಯೇ ಆಗಿದ್ದರೂ ಅದರಲ್ಲಿದ್ದವರು ಗವರ್ನರು ನೇಮಿಸಿದ ಕೆಲವೇ ಮಂದಿ. ಕೊಳ್ಳೇಗಾಲದ ಒಕ್ಕಲಿಗನ ಮಾತು ಅಲ್ಲಿಗೆ ಮುಟ್ಟುವ ದಾರಿಯೇ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬಹುದು. ಪೂರ್ಣಯ್ಯನವರ ವಂಶಜರೂ ಯಳಂದೂರಿನ ಜಹಗೀರುದಾರರೂ ಆದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಜಹಗೀರಿನ ಒಡೆಯರೇ ಪ್ರಜೆಗಳ ಅಹವಾಲುಗಳನ್ನು ಕೇಳುವ ಪೀಠದಲ್ಲಿ ಕುಳಿತಂತಾಯಿತು! ಆಡಳಿತದ ಮುಖ್ಯಸ್ಥನೇ ಸಭೆಯ ಅಧ್ಯಕ್ಷನೂ ಆಗಿರುವ ಈ ಏರ್ಪಾಟಿನ ಇಕ್ಕಟ್ಟು ಇಲ್ಲಿ ಎದ್ದು ಕಾಣುತ್ತದೆ.

1907ರಲ್ಲಿ ಕಾನೂನುಗಳನ್ನು ರಚಿಸುವುದಕ್ಕಾಗಿ ನ್ಯಾಯವಿಧಾಯಕ ಸಭೆ ಎಂಬ ಚಿಕ್ಕ ಸಭೆಯೊಂದು ಹುಟ್ಟಿತು. ಅಲ್ಲಿಂದ ಮೈಸೂರಿಗೆ ಎರಡು ಸಭೆಗಳು. ಬ್ರಜೇಂದ್ರನಾಥ ಶೀಲರ ಸಮಿತಿಯ ಸಲಹೆಗಳನ್ನು ಅನುಸರಿಸಿ ಬಂದ 1923ರ ಸುಧಾರಣೆಗಳು ಇವೆರಡರ ಸಂಬಂಧವನ್ನು ಗೊತ್ತುಪಡಿಸಿದವು. 250 ಸದಸ್ಯರ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಯಾವ ಮಸೂದೆಯನ್ನಾಗಲಿ ನ್ಯಾಯವಿಧಾಯಕ ಸಭೆಗೆ ತರುವ ಮುನ್ನ ಅದರ ಮೂಲತತ್ತ್ವವನ್ನು ಕುರಿತು ಈ ದೊಡ್ಡ ಸಭೆಯ ಅಭಿಪ್ರಾಯವನ್ನು ಕೇಳಬೇಕು. ಹೊಸ ತೆರಿಗೆಯ ವಿಚಾರದಲ್ಲಿಯೂ ಹಾಗೆಯೇ. 50 ಮಂದಿಯ ಚಿಕ್ಕ ಸಭೆಯು ಮಸೂದೆಯ ವಿವರಗಳನ್ನು ಚರ್ಚಿಸಿ ಅಂಗೀಕರಿಸುವುದು, ಆಯವ್ಯಯದ ಬೇಡಿಕೆಗಳ ಮೇಲೆ ಮತ ಕೊಡುವುದು. ಸಾಮಾನ್ಯವಾಗಿ ಎರಡು ಮನೆಗಳಿರುವಲ್ಲಿ ಎರಡೂ ಒಂದೇ ಕೆಲಸವನ್ನು ಎರಡು ಸಲ ಮಾಡುತ್ತವೆ. ಮೈಸೂರಿನಲ್ಲಿ ಹಾಗಲ್ಲ: ತತ್ತ್ವದ ಮಾತು ಒಂದೆಡೆ, ಕಾನೂನಿನ ಕಟ್ಟಡ ಇನ್ನೊಂದೆಡೆ. ಈ ವಿಭಾಗ ಜಾಣತನದ್ದೆಂದೇ ನಮ್ಮ ಎಣಿಕೆ. ಆದರೆ ಚಿಕ್ಕ ಸಭೆಯ 50 ಸ್ಥಾನಗಳಲ್ಲಿ ಚುನಾಯಿತರು 22 ಮಂದಿ ಮಾತ್ರ ಎಂಬುದನ್ನು ಮರೆಯಬಾರದು. ಕಡೆಯ ಮಾತು ಮಹಾರಾಜರದು; ದಿವಾನರು ತಮ್ಮ ಪದವಿಗೆ ಮಹಾರಾಜರಿಗೆ ಹೊಣೆಯಾಗಿದ್ದರೇ ಹೊರತು ಸಭೆಗಳಿಗಲ್ಲ.

ಅಷ್ಟರಲ್ಲಿ ಗಡಿಯಾಚೆಯ ಸ್ಥಿತಿ ಬದಲಾಗಿತ್ತು. 1919ರ ಕಾಯಿದೆಯಿಂದ ಮದರಾಸಿನ ಕೌನ್ಸಿಲಿನಲ್ಲಿ ಚುನಾಯಿತರೇ ಹೆಚ್ಚಾದರು. ವಿದ್ಯಾಭ್ಯಾಸ, ಸ್ಥಳೀಯ ಸಂಸ್ಥೆಗಳು ಮುಂತಾದ ಕೆಲವು ಇಲಾಖೆಗಳು ಸಭೆಗೆ ಹೊಣೆಯಾದ ಮಂತ್ರಿಗಳ ಕೈಗೆ ಬಂದವು. 1935ರ ಕಾಯಿದೆಯ ಪ್ರಕಾರ ನಡೆದ 1937ರ ಚುನಾವಣೆಯಲ್ಲಿ 215 ಸ್ಥಾನಗಳ ಅಸೆಂಬ್ಲಿ ರಚಿತವಾಗಿ, ರಾಜಾಜಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. 1939ರಲ್ಲಿ ಅದು ರಾಜೀನಾಮೆ ಕೊಟ್ಟುದು ನಿಜ. ಆದರೂ ಓಟಿನ ಬಲದಿಂದ ಸರ್ಕಾರವನ್ನು ಏರಿಸಲೂಬಹುದು ಇಳಿಸಲೂಬಹುದು ಎಂಬ ಅನುಭವ ಕೊಳ್ಳೇಗಾಲದ ಮತದಾರನಿಗೆ ಆಯಿತು. ಪಕ್ಕದ ಯಳಂದೂರಿನವನಿಗೆ ಅದು 1947ರ ಅಕ್ಟೋಬರಿನವರೆಗೆ, ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬರುವವರೆಗೆ, ಒದಗಲಿಲ್ಲ. 1940ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು 310ಕ್ಕೂ ನ್ಯಾಯವಿಧಾಯಕ ಸಭೆಯನ್ನು 68ಕ್ಕೂ ಹಿಗ್ಗಿಸಿದರೂ ಹೊಣೆಯ ಪ್ರಶ್ನೆ ಇದ್ದಲ್ಲಿಯೇ ಇದ್ದಿತು.

ಹಾಗಾದರೆ ಹೊಣೆಯುಳ್ಳ ಸಭೆಯೇ ಯಾವಾಗಲೂ ಮುಂದೆ ಹೋಯಿತೇ? ಮನೆಯೊಳಗಿನ ಬಾಳಿಗೆ ಸಂಬಂಧಿಸಿದ ಎರಡು ಕಾನೂನುಗಳನ್ನು ನೋಡಿದರೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಶಿಶುವಿವಾಹದ ಪ್ರಶ್ನೆ ಪ್ರಜಾಪ್ರತಿನಿಧಿ ಸಭೆಯಲ್ಲಿ ಚರ್ಚೆಗೆ ಬಂದ ಮೇಲೆ ಮೈಸೂರು ಸರ್ಕಾರವು 1894ರಲ್ಲಿ ಕಾನೂನು ಮಾಡಿ, ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಕೊಳ್ಳೇಗಾಲದ ಕಡೆ ಮದುವೆಯ ವಯಸ್ಸಿಗೆ ಅಂಥ ಕಟ್ಟು ಬಂದದ್ದು 1930ರ ಏಪ್ರಿಲಿನಲ್ಲಿ, ಶಾರದಾ ಕಾಯಿದೆಯಿಂದ. ಆದರೆ ಅದು ಹುಡುಗಿಗೆ ಹದಿನಾಲ್ಕು ಎಂದು ವಿಧಿಸಿದ್ದರಿಂದ, ಮೂವತ್ತಾರು ವರ್ಷ ಹಿಂದೆ ಬಿದ್ದಿದ್ದ ಕಡೆಯೇ ಒಮ್ಮೆಲೇ ಮುಂದಾಯಿತು! ಆಸ್ತಿಯ ವಿಷಯದಲ್ಲಿ ತಕ್ಕಡಿ ಮತ್ತೆ ಇತ್ತ ವಾಲಿತು. ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತ ಮೈಸೂರಿನ 1933ರ ಕಾಯಿದೆಯು ತಂದೆಮಕ್ಕಳ ನಡುವೆ ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಕೊಟ್ಟಿತು. ಬ್ರಿಟಿಷ್ ಇಂಡಿಯದಲ್ಲಿ 1937ರಲ್ಲಿ ಬಂದ ಕಾಯಿದೆ ವಿಧವೆಯ ಹಕ್ಕಿನ ಮಟ್ಟಿಗೆ ನಿಂತಿತು. ಯಳಂದೂರಿನಲ್ಲಿ ಹುಟ್ಟಿದ ಮಗಳಿಗೆ ಸಿಕ್ಕ ಪಾಲು ಕೊಳ್ಳೇಗಾಲದಲ್ಲಿ ಹುಟ್ಟಿದ ಅವಳ ಸೋದರಮಾವನ ಮಗಳಿಗೆ ಸಿಕ್ಕದು.

1949ರ ಡಿಸೆಂಬರ್ 16ರಂದು ಮೈಸೂರಿನ ಎರಡು ಸಭೆಗಳೂ ವಿಸರ್ಜಿತವಾದವು. 1952ರ ಚುನಾವಣೆಯಲ್ಲಿ ಯಳಂದೂರಿನವರು ಮೈಸೂರಿನ ವಿಧಾನಸಭೆಗೂ ಕೊಳ್ಳೇಗಾಲ ಹನೂರುಗಳವರು ಮದರಾಸಿನದಕ್ಕೂ ಮತ ಹಾಕಿದರು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಅಂದು ರಾಜ್ಯಪಾಲರಾದವರು ಜಯಚಾಮರಾಜ ಒಡೆಯರು. 157 ವರ್ಷಗಳ ಹಿಂದೆ ಮೈಸೂರಿನಿಂದ ಅಗಲಿದ್ದ ಸೀಮೆ ಮರಳಿ ಬರುವ ವೇಳೆಗೆ ಒಡೆಯರು ಸಂವಿಧಾನದ ಅಧಿಕಾರಿಯಾಗಿದ್ದರು.

ಸೀಮೆ ಬಂದರೂ ಅದರ ಕಾನೂನುಗಳು ಒಡನೆಯೇ ಬದಲಾಗಲಿಲ್ಲ. ರಾಜ್ಯಗಳ ಪುನರ್ವಿಂಗಡಣೆಯ ಕಾಯಿದೆಯ ಪ್ರಕಾರ, ಹೊಸ ಶಾಸನ ಬರುವವರೆಗೆ ಹಳೆಯ ಸಭೆಯ ಶಾಸನವೇ ಅಲ್ಲಿ ನಡೆಯಬೇಕು. ಆದಕಾರಣ ಕರ್ನಾಟಕದ ಕಾನೂನು ಪುಸ್ತಕಗಳಲ್ಲಿ ‘ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ’ ಎಂಬೊಂದು ವಿಚಿತ್ರ ಜೋಡಿ ಕಾಣಿಸುತ್ತದೆ. ಕಡಲ ತೀರದ ಊರಿಗೂ ಮಲೆ ಮಹದೇಶ್ವರನ ಬೆಟ್ಟದ ಸೀಮೆಗೂ ಇರುವ ನಂಟು ಮದರಾಸಿನ ಸಭೆಯದು. ಹಿಂದೂ ಧಾರ್ಮಿಕ ದತ್ತಿಗಳನ್ನು ಕುರಿತ ಮದರಾಸಿನ 1951ರ ಕಾಯಿದೆಯನ್ನು ಈ ಪ್ರದೇಶದ ಮಟ್ಟಿಗೆ ರದ್ದುಗೊಳಿಸಿದುದು ಕರ್ನಾಟಕದ 1997ರ ಅಧಿನಿಯಮ.