ವೇಷದೊಳಗಿನ ಮುಖ: ಕಬುಕಿ ನಟರ ಚಿತ್ರಗಳ ಪಾಠ

ಜಪಾನಿನ ಕಬುಕಿ ನಟರ ಮರದಚ್ಚಿನ ಚಿತ್ರಗಳನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಒಂದೇ: ಪಾಠವನ್ನು ಕಲಾವಿದನ ಹೆಸರಿನಿಂದಲ್ಲ, ಚಿತ್ರದ ಮುಖದಿಂದ ಆರಂಭಿಸಿ.

1794ರಲ್ಲಿ ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ತೋಶುಸಾಯ್ ಶರಾಕು ರಚಿಸಿದ ಚಿತ್ರವೊಂದನ್ನು ನೋಡೋಣ. ಅದರಲ್ಲಿ ಎರಡನೆಯ ಸೆಗಾವಾ ತೊಮಿಸಬುರೊ ಎಂಬ ನಟ ಯಾದೊರಿಗಿ ಎಂಬ ಸ್ತ್ರೀಪಾತ್ರದಲ್ಲಿದ್ದಾನೆ. 1629ರಲ್ಲಿ ಸರ್ಕಾರ ಸ್ತ್ರೀಯರನ್ನು ಕಬುಕಿ ರಂಗದಿಂದ ನಿಷೇಧಿಸಿದ ಮೇಲೆ ಇಂಥ ಪಾತ್ರಗಳು ಪುರುಷರ ಪಾಲಿಗೆ ಬಂದವು. ಯಕ್ಷಗಾನದ ಸ್ತ್ರೀವೇಷ ಕಂಡ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ.

ಅನೇಕ ಕಲಾವಿದರು ಈ ನಟರನ್ನು ಸುಂದರಿಯರಂತೆಯೇ ಬರೆಯುತ್ತಿದ್ದರು. ಶರಾಕು ಮಾತ್ರ ತುರುಬು, ಉಡುಪುಗಳನ್ನು ಪಾತ್ರಕ್ಕೆ ಕೊಟ್ಟು, ಉದ್ದ ಮೂಗು, ಗಡಸು ದವಡೆಗಳನ್ನು ನಟನಿಗೇ ಉಳಿಸಿದ. ಮಕ್ಕಳು "ಚೆನ್ನಾಗಿಲ್ಲ" ಎಂದರೆ ತಿದ್ದಬೇಡಿ. "ಯಾವುದು ಪಾತ್ರದ್ದು, ಯಾವುದು ನಟನದು?" ಎಂದು ಕೇಳಿ, ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಎರಡು ಸಾಲುಗಳಾಗಿ ಬರೆಯಿರಿ.

ಬಳಿಕ ತಯಾರಿಕೆಗೆ ಬನ್ನಿ. ಪ್ರಕಾಶಕ ತ್ಸುತಾಯಾ ಜುಜಬುರೊ ಬಂಡವಾಳ ಹಾಕಿದ. ಶರಾಕು ರೇಖೆ ಬರೆದ. ಕೆತ್ತುವವರು ಚೆರ್ರಿ ಮರದ ಹಲಗೆಗಳನ್ನು ಕೆತ್ತಿದರು. ಅಚ್ಚೊತ್ತುವವರು ಬಣ್ಣ ಹಚ್ಚಿ, ಹಿನ್ನೆಲೆಗೆ ಅಭ್ರಕದ ಹೊಳಪು ಕೊಟ್ಟರು. ಇವೆಲ್ಲ ಮಾರಾಟದ ಸರಕು, ಕೊಳ್ಳುವವರು ರಂಗಾಭಿಮಾನಿಗಳು.

ಶರಾಕು ಚಿತ್ರ ಬರೆದದ್ದು ಸುಮಾರು ಹತ್ತು ತಿಂಗಳು ಮಾತ್ರ. ನಟರನ್ನು ಅತಿಯಾಗಿ ಇದ್ದಂತೆಯೇ ಬರೆಯಹೋದುದರಿಂದ ಆತ ಬಹುಕಾಲ ನಿಲ್ಲಲಿಲ್ಲವೆಂಬುದು ಸಮಕಾಲೀನ ಲೇಖಕ ಓಟಾ ನಾನ್ಪೊನ ಅಭಿಪ್ರಾಯ. ಅಭಿಮಾನಿ ಬಯಸಿದ ಮುಖಕ್ಕೂ ಕಲಾವಿದ ಕಂಡ ಮುಖಕ್ಕೂ ಇರುವ ಅಂತರವನ್ನು ಮಗು ತನ್ನ ಮಾತಿನಲ್ಲಿ ಹೇಳಿದರೆ ಪಾಠದ ಉದ್ದೇಶ ಈಡೇರಿದಂತೆ.